ಹೇಳುವುದು ಶಾಸ್ತ್ರ, ಮಾರುವುದು ಷೇರು

ಹೋದ ವರ್ಷ 400 ರೂಪಾಯಿ ಇದ್ದ ಷೇರು ಈಗ 200ಕ್ಕೆ ಸಿಗುತ್ತದೆಂದರೆ ಅದು ಅಗ್ಗವೇ? ಸಂತೆಯಲ್ಲಿ ಟೊಮೆಟೊ ದರ ಇಳಿದರೆ ಹಣ್ಣಿನ ರುಚಿ ಕೆಡುವುದಿಲ್ಲ. ಷೇರಿನ ಮಾತು ಹಾಗಲ್ಲ. ಕಂಪನಿಯ ಒಳಗೇ ಹುಳುಕು ಇದ್ದು ಬೆಲೆ ಕುಸಿಯುತ್ತಿರಬಹುದು. ಆ ಹುಳುಕು ಮೊದಲು ಕಾಣುವುದು ಕಂಪನಿ ನಡೆಸುವವರಿಗೆ.

ಅಮೆರಿಕದ ಡೆನ್ವರ್ ನಗರದ ಕ್ವೆಸ್ಟ್ ಕಂಪನಿ ಇದಕ್ಕೊಂದು ನಿದರ್ಶನ. ದೂರವಾಣಿ ಮತ್ತು ಇಂಟರ್ನೆಟ್ ಸೇವೆಗಾಗಿ ಆಪ್ಟಿಕಲ್ ಫೈಬರ್ ಜಾಲ ಹಾಕಿದ್ದ ಈ ಕಂಪನಿ, 2001ರಲ್ಲಿ 2,100 ಕೋಟಿ ಡಾಲರಿಗೂ ಹೆಚ್ಚು ವರಮಾನ ಬರುವುದೆಂದು ಸಾರಿತ್ತು. ಆ ಗುರಿ ಮುಟ್ಟುವುದು ಕಷ್ಟ, ಒಮ್ಮೆ ಮಾತ್ರ ಹಣ ತರುವ ಮಾರಾಟಗಳನ್ನೇ ಹೆಚ್ಚು ನೆಚ್ಚಿಕೊಂಡಿದ್ದೇವೆ ಎಂದು ಕೆಳಗಿನ ಅಧಿಕಾರಿಗಳು ಒಳಗೆ ಎಚ್ಚರಿಸಿದ್ದರು. ಮುಖ್ಯಾಧಿಕಾರಿ ಜೋಸೆಫ್ ನಾಚಿಯೊ ಹೊರಗೆ ಭರವಸೆಯ ಮಾತನ್ನೇ ಆಡುತ್ತಿದ್ದರು. 2001ರ ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ತಮ್ಮ ಸುಮಾರು 5.2 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಮಾರಿದರು.

ಆಗ 40 ಡಾಲರಿನ ಆಸುಪಾಸಿನಲ್ಲಿದ್ದ ಷೇರು ಮರುವರ್ಷ 2 ಡಾಲರಿಗಿಂತ ಕೆಳಗಿಳಿಯಿತು. ‘ಅರ್ಧ ಬೆಲೆಗೆ ಬಂತು’ ಎಂದು 20 ಡಾಲರಿಗೆ ಕೊಂಡವರ ಹಣದಲ್ಲೂ ಶೇ 90ರಷ್ಟು ಕರಗಿತು. ನೌಕರರ ನಿವೃತ್ತಿ ಉಳಿತಾಯಕ್ಕೂ ಪೆಟ್ಟು ಬಿತ್ತು. 2007ರಲ್ಲಿ ನ್ಯಾಯಾಲಯ 19 ಆರೋಪಗಳಲ್ಲಿ ನಾಚಿಯೊ ಅವರನ್ನು ತಪ್ಪಿತಸ್ಥರೆಂದು ಕಂಡು 6 ವರ್ಷ ಸೆರೆವಾಸ ವಿಧಿಸಿತು. ಮುಂದೆ ಶಿಕ್ಷೆ ಕೊಂಚ ಇಳಿಯಿತು.

ಹಾಗೆಂದು ಷೇರು ಮಾರಿದ ಅಧಿಕಾರಿಗಳೆಲ್ಲ ವಂಚಕರಲ್ಲ. ಸಂಬಳದ ಒಂದು ಭಾಗವನ್ನು ಷೇರಿನ ರೂಪದಲ್ಲಿ ಪಡೆಯುವವರು ಮನೆ ಕಟ್ಟಲು, ತೆರಿಗೆ ತುಂಬಲು, ಮಕ್ಕಳ ಓದಿಗೆ ಮಾರುವುದುಂಟು. ಆದರೆ ಹಲವು ಹಿರಿಯ ಅಧಿಕಾರಿಗಳು ಒಟ್ಟೊಟ್ಟಿಗೆ, ತಮ್ಮ ಪಾಲಿನ ದೊಡ್ಡ ಭಾಗವನ್ನು, ಕಂಪನಿಯನ್ನು ಹೊಗಳುತ್ತಲೇ ಮಾರತೊಡಗಿದರೆ ಎಚ್ಚರ ಬೇಕು.

ಇದನ್ನು ತಿಳಿಯಲು ಭಾರತದಲ್ಲೂ ದಾರಿಯಿದೆ. ಸೆಬಿಯ 2015ರ ನಿಯಮದ ಪ್ರಕಾರ ಪ್ರವರ್ತಕರು, ನಿರ್ದೇಶಕರು ಮೂರು ತಿಂಗಳ ಅವಧಿಯಲ್ಲಿ 10 ಲಕ್ಷ ರೂಪಾಯಿ ಮೀರಿ ತಮ್ಮ ಕಂಪನಿಯ ಷೇರು ವಹಿವಾಟು ನಡೆಸಿದರೆ ಅದು ಬಹಿರಂಗವಾಗಬೇಕು. ಕಂಪನಿಯಲ್ಲಿ ಪ್ರವರ್ತಕರ ಪಾಲು ಎಷ್ಟೆಂಬುದೂ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಷೇರುಪೇಟೆಯ ತಾಣದಲ್ಲಿ ಯಾರು ಬೇಕಾದರೂ ಇದನ್ನು ನೋಡಬಹುದು.

ಕಾಲೇಜಿಗೆ ಹೋಗುವ ಮಗ ‘ಬೆಲೆ ಅರ್ಧಕ್ಕಿಳಿದಿದೆ, ಕೊಳ್ಳೋಣ ಅಪ್ಪಾ’ ಎಂದರೆ ಗದರಬೇಡಿ. ಅದನ್ನು ನಡೆಸುವವರು ಕೊಳ್ಳುತ್ತಿದ್ದಾರೋ ಮಾರುತ್ತಿದ್ದಾರೋ ನೋಡಿಕೊಂಡು ಬಾ ಎನ್ನಿ. ಮುಂದಿನ ವರ್ಷದ ಶುಲ್ಕಕ್ಕೆಂದು ಎತ್ತಿಟ್ಟ ಹಣವನ್ನಂತೂ ಬೀಳುತ್ತಿರುವ ಷೇರಿಗೆ ಹಾಕಬೇಡಿ.