ಕಿರುಪ್ರತಿಮೆಯ ದೈತ್ಯ

ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯೊಂದುಂಟು. ಅದು 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಆಟವನ್ನು ಹೊರತಂದಿತು. ಇಂದಿಗೆ ಮೂವತ್ತೆಂಟು ಸಾವಿರ ವರ್ಷಗಳಾಚೆ ನಡೆಯುವುವೆಂದು ಕಲ್ಪಿಸಿದ ಯುದ್ಧಗಳನ್ನು, ಅಂಗುಲದೆತ್ತರದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಪಟ್ಟಿಯಿಂದ ದೂರವನ್ನಳೆದು, ದಾಳ ಹಾಕಿ ಆಡುವುದು ಅದರ ಕ್ರಮ. ಬೊಂಬೆಗಳು ಬಿಡಿಭಾಗಗಳಾಗಿ, ಬಣ್ಣವಿಲ್ಲದೆ ಬರುತ್ತವೆ. ಜೋಡಿಸಿ ಅಂಟಿಸುವುದೂ ಬಣ್ಣ ಬಳಿಯುವುದೂ ಕೊಂಡವರ ಕೆಲಸ. ಇವುಗಳಲ್ಲಿ ಬಹಳ ದೊಡ್ಡವು ‘ಟೈಟನ್’ಗಳೆಂಬ ನಡೆದಾಡುವ ಯುದ್ಧಯಂತ್ರಗಳು. 1988ರಲ್ಲಿ ಮೊದಲು ಬಂದಾಗ ಅವು ಕೆಲವೇ ಸೆಂಟಿಮೀಟರ್ ಎತ್ತರದ ಕಾಯಿಗಳಾಗಿದ್ದುವು. 2015ರಲ್ಲಿ ಅದೇ ಸಂಸ್ಥೆಯ ಫೋರ್ಜ್ ವರ್ಲ್ಡ್ ಶಾಖೆಯು ಕೃತಕ ರಾಳದಲ್ಲಿ ಎರಕ ಹೊಯ್ದು ಮಾರಾಟಕ್ಕಿಟ್ಟ ‘ವಾರ್‌ಲಾರ್ಡ್ ಟೈಟನ್’ ಮೊಳಕ್ಕೂ ಮಿಗಿಲಾದುದು. ಅದರ ಎತ್ತರ ಸುಮಾರು 55 ಸೆಂಟಿಮೀಟರ್.

ಬೆಳೆದವರು ಇಂತಹ ಬೊಂಬೆಗಳ ಮುಂದೆ ತಿಂಗಳುಗಟ್ಟಲೆ ಕುಂಚ ಹಿಡಿದು ಕೂರುವುದನ್ನು ಕಂಡು ನಗುವವರುಂಟು. ಬೊಂಬೆಗಳನ್ನು ಕೊಂಡು ಪೆಟ್ಟಿಗೆಯಿಂದ ಹೊರತೆಗೆಯದೆ ಅಟ್ಟದಲ್ಲಿ ಪೇರಿಸಿ, ಅದನ್ನೇ ಹವ್ಯಾಸವೆಂದು ಬಗೆದವರೂ ಉಂಟು. ಈ ಇಬ್ಬರಿಗೂ ಬೊಂಬೆಯ ನಿಜವಾದ ಬೆಲೆ ತಿಳಿದಿಲ್ಲವೆಂದು ನನ್ನ ಅಭಿಪ್ರಾಯ. ದೊಡ್ಡದೊಂದು ಕಿರುಪ್ರತಿಮೆಗೆ ಸರಿಯಾಗಿ ಬಣ್ಣ ಬಳಿಯಲು ಹೊರಟವನು ಪ್ರಮಾಣವೆಂಬ ಭೌತಶಾಸ್ತ್ರದ ವಿಷಯವನ್ನು ಕೈಯಾರೆ ಕಲಿಯಬೇಕಾಗುತ್ತದೆ. ಅದು ಹೇಗೆಂಬುದನ್ನು ಸ್ವಲ್ಪ ನೋಡೋಣ.

ಈ ಬೊಂಬೆಗಳಲ್ಲಿ ಮನುಷ್ಯನ ಎತ್ತರ ಸುಮಾರು 28 ಮಿಲಿಮೀಟರ್. ಎಂದರೆ ನಿಜದ ಅಳತೆಯ ಅರುವತ್ತರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ನಮ್ಮ ಟೈಟನ್ನಿನ ನಿಜವಾದ ಎತ್ತರ 33 ಮೀಟರ್. ಬೊಂಬೆಯ ತೂಕ 5 ಕಿಲೋಗ್ರಾಂ, ಎರಡು ಪಾದಗಳ ಒಟ್ಟು ವಿಸ್ತೀರ್ಣ 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಉದ್ದವು 60 ಪಟ್ಟಾದರೆ ಪಾದದ ವಿಸ್ತೀರ್ಣವು ಅದರ ವರ್ಗದಷ್ಟು, ಎಂದರೆ 3,600 ಪಟ್ಟು ಹೆಚ್ಚುತ್ತದೆ. ತೂಕವಾದರೋ ಘನದಷ್ಟು, ಎಂದರೆ 2,16,000 ಪಟ್ಟು. ಐದು ಕಿಲೋಗ್ರಾಮಿನ ಬೊಂಬೆ 1,080 ಟನ್ನಿನ ಯಂತ್ರವಾಯಿತು! ಪಾದದಡಿಯ ಒತ್ತಡವೂ 60 ಪಟ್ಟಾಗಿ ಚದರ ಸೆಂಟಿಮೀಟರಿಗೆ 1.5 ಕಿಲೋಗ್ರಾಮಿಗೆ ಏರುತ್ತದೆ. ಇದು ಯಂತ್ರವನ್ನೂ ರಾಳದಿಂದಲೇ ಮಾಡಿದರೆ ಬರುವ ಲೆಕ್ಕ. ಉಕ್ಕಿನಿಂದ ಮಾಡಿದರೆ ಆರೇಳು ಪಟ್ಟು ಹೆಚ್ಚು. ನಡೆಯುವಾಗ ಒಂದೇ ಕಾಲಿನ ಮೇಲೆ ನಿಲ್ಲುವುದರಿಂದ ಮತ್ತೆ ಇಮ್ಮಡಿ. ಒಟ್ಟಿನಲ್ಲಿ 20 ಕಿಲೋಗ್ರಾಮಿನ ಆಸುಪಾಸು. ಇಂದಿನ ಟ್ಯಾಂಕುಗಳು ಅಗಲವಾದ ಪಟ್ಟಿಗಳ ಮೇಲೆ ಭಾರವನ್ನು ಹರಡಿ ಈ ಒತ್ತಡವನ್ನು 1 ಕಿಲೋಗ್ರಾಮಿನ ಹತ್ತಿರ ಇರಿಸಿಕೊಳ್ಳುತ್ತವೆ. ಹಾಗಿದ್ದೂ ಕೆಸರಿನಲ್ಲಿ ಹೂತುಕೊಳ್ಳುತ್ತವೆ. ನಮ್ಮ ದೈತ್ಯನು ಉತ್ತ ಹೊಲಕ್ಕೆ ಕಾಲಿಟ್ಟನೆಂದರೆ ಮುಂದಿನದನ್ನು ಹೇಳಬೇಕಾದುದಿಲ್ಲ.

ಈ ತತ್ತ್ವವನ್ನು ಗೆಲಿಲಿಯೊ 1638ರಲ್ಲಿಯೇ ತನ್ನ ಗ್ರಂಥದಲ್ಲಿ ವಿವರಿಸಿ, ಪ್ರಾಣಿ ದೊಡ್ಡದಾದಂತೆ ಅದರ ಮೂಳೆ ಎಷ್ಟು ದಪ್ಪವಾಗಬೇಕೆಂದು ಚಿತ್ರ ಬರೆದು ತೋರಿಸಿದನು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನರು 1926ರ ಒಂದು ಪ್ರಬಂಧದಲ್ಲಿ, ಮನುಷ್ಯನ ಹತ್ತು ಪಟ್ಟು ಎತ್ತರದ ರಾಕ್ಷಸನು ಹೆಜ್ಜೆಯಿಟ್ಟೊಡನೆ ತೊಡೆಯ ಮೂಳೆ ಮುರಿದುಕೊಳ್ಳುವನೆಂದು ಲೆಕ್ಕ ಹಾಕಿ ತೋರಿಸಿದರು. ವಿದ್ಯಾರ್ಥಿಗಳು ಆ ಪ್ರಬಂಧವನ್ನು ಹುಡುಕಿ ಓದತಕ್ಕದ್ದು.

ಹಾಗಾದರೆ ನಿಲ್ಲಲಾರದ ಯಂತ್ರದ ಬೊಂಬೆಗೆ ಬಣ್ಣ ಬಳಿಯುವುದು ವ್ಯರ್ಥವಲ್ಲವೆ ಎಂದು ಕೇಳಬಹುದು. ಅಲ್ಲ. ಮೊಳದೆತ್ತರದ ವಸ್ತು 33 ಮೀಟರಿನದಾಗಿ ಕಾಣಬೇಕಾದರೆ ಬಣ್ಣಗಾರನು ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. ಬಣ್ಣದ ಒಂದು ಲೇಪದ ದಪ್ಪ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗವೆಂದುಕೊಂಡರೆ, ಯಂತ್ರದ ಅಳತೆಯಲ್ಲಿ ಅದು 3 ಮಿಲಿಮೀಟರ್ ಆಯಿತು. ಮೂರು ಲೇಪ ಬಳಿದರೆ ಒಂದು ಸೆಂಟಿಮೀಟರಿನ ಹತ್ತಿರ. ಸಣ್ಣ ಮೊಳೆಗಳೂ ಸಂದುಗಳೂ ಅದರಡಿ ಹೂತುಹೋಗುತ್ತವೆ. ಬಣ್ಣ ಕಿತ್ತುಹೋದಂತೆ ತೋರಿಸಲು ಕುಂಚದಿಂದ 2 ಮಿಲಿಮೀಟರಿನ ಚುಕ್ಕೆಯಿಟ್ಟರೆ, ಅದು 12 ಸೆಂಟಿಮೀಟರಿನ ಗಾಯವಾಗಿ ಕಾಣುತ್ತದೆ. ಬೊಂಬೆಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ಯಂತ್ರವನ್ನು 60 ಮೀಟರಿನಾಚೆಯಿಂದ ನೋಡಿದಂತೆ. ನಡುವಿನ ಗಾಳಿಯ ದೂಳು ಮಂಜುಗಳು ಕಪ್ಪನ್ನು ಬೂದಿಯತ್ತ ಎಳೆಯುತ್ತವೆ. ಆದುದರಿಂದಲೇ ಬಲ್ಲವರು ದೊಡ್ಡ ಪ್ರತಿಮೆಗೆ ಅಪ್ಪಟ ಕಪ್ಪನ್ನು ಬಳಿಯಲು ಹಿಂದೆಗೆಯುತ್ತಾರೆ. ಇನ್ನು ದೀಪದ ಮಾತು: ಮೇಜಿನಿಂದ ಒಂದು ಮೀಟರ್ ಮೇಲೆ ದೀಪವಿದ್ದರೆ ಬೊಂಬೆಯ ತಲೆಗೆ ಬೀಳುವ ಬೆಳಕು ಪಾದಕ್ಕೆ ಬೀಳುವುದರ ಐದರಷ್ಟು. ಸೂರ್ಯನಿಗೆ ಈ ಪಕ್ಷಪಾತವಿಲ್ಲ. ಬಣ್ಣವನ್ನು ಕಿಟಕಿಯ ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕೆಂಬ ರೂಢಿಗೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಸ್ವಾರಸ್ಯವಾದುದು ತೆಳುಬಣ್ಣದ ವರ್ತನೆ. ಅಂಗುಲದ ಸೈನಿಕನ ಮೇಲೆ ನೀರಾಗಿಸಿದ ಕಂದುಬಣ್ಣವನ್ನು ಹರಿಯಬಿಟ್ಟರೆ ಅದು ತಾನಾಗಿಯೇ ಬಟ್ಟೆಯ ಮಡಿಕೆ, ಬೆರಳ ಸಂದುಗಳಲ್ಲಿ ಇಳಿದು ನಿಂತು, ನೆರಳನ್ನು ಬರೆದಂತೆ ತೋರುತ್ತದೆ. ಇದು ಕೇಶಾಕರ್ಷಣದ ಕೊಡುಗೆ. ಹೊಸಬರು ಈ ಉಪಾಯವನ್ನೇ ಟೈಟನ್ನಿನ ಅಂಗೈಯಗಲದ ಕವಚಫಲಕಗಳ ಮೇಲೆ ಪ್ರಯೋಗಿಸುತ್ತಾರೆ. ಆರಿದ ಮೇಲೆ ಫಲಕದ ತುಂಬ ಚಹಾ ಚೆಲ್ಲಿದಂತಹ ಉಂಗುರದ ಕಲೆಗಳು ಉಳಿಯುತ್ತವೆ. ಷಿಕಾಗೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು 1997ರಲ್ಲಿ ಇದರ ಕಾರಣವನ್ನು ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ; ದ್ರವವು ತೆಳುವಾದ ಅಂಚಿನಲ್ಲಿ ಬೇಗ ಆವಿಯಾಗುತ್ತದೆ; ಆ ಕೊರತೆಯನ್ನು ತುಂಬಲು ನಡುವಿನ ದ್ರವ ಹೊರಮುಖವಾಗಿ ಹರಿಯುತ್ತದೆ, ಬಣ್ಣದ ಕಣಗಳನ್ನೂ ಹೊತ್ತೊಯ್ದು ಅಂಚಿನಲ್ಲಿ ರಾಶಿ ಹಾಕುತ್ತದೆ. ಸೈನಿಕನ ಮೈಯಲ್ಲಿ ಉಗುರಗಲದ ಸಮತಲವೂ ಇಲ್ಲದುದರಿಂದ ಅಲ್ಲಿ ಇದು ಕಣ್ಣಿಗೆ ಬೀಳದು. ಗಾತ್ರ ಬದಲಾಯಿತು, ಉಪಾಯ ಕೆಟ್ಟಿತು! ಈ ಕಾರಣದಿಂದ ಅನುಭವಿಗಳು ಫಲಕಕ್ಕೆ ಮೊದಲು ನುಣುಪಾದ ವಾರ್ನಿಷನ್ನು ಕೊಟ್ಟು, ಟರ್ಪೆಂಟೈನಿನಲ್ಲಿ ತೆಳುಮಾಡಿದ ಎಣ್ಣೆಬಣ್ಣವನ್ನು ಸಂದುಗಳಿಗೆ ಮಾತ್ರ ಮುಟ್ಟಿಸುತ್ತಾರೆ. ಅದು ನಿಧಾನವಾಗಿ ಆರುವುದರಿಂದ ಹೆಚ್ಚಾದುದನ್ನು ಒರಸಿ ತೆಗೆಯಲು ಅವಕಾಶವಿರುತ್ತದೆ. ತುಕ್ಕಿನ ಗೆರೆಗಳನ್ನು ಬರೆಯುವಾಗಲೂ ಅಷ್ಟೆ: ಮಳೆನೀರು ಎಲ್ಲಿ ನಿಲ್ಲುತ್ತದೆ, ಯಾವ ಮೊಳೆಯಿಂದ ಕೆಳಗಿಳಿಯುತ್ತದೆ, ಹೊಗೆ ಎಲ್ಲಿ ಮೆತ್ತುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ರೈಲ್ವೆ ಯಾರ್ಡಿನ ಹಳೆಯ ವ್ಯಾಗನ್ನುಗಳನ್ನು ನಿಂತು ನೋಡಿದವರಿಗೆ.

ಯುದ್ಧದ ಬೊಂಬೆಗಳನ್ನು ಹುಡುಗರ ಕೈಗೆ ಕೊಡುವುದು ಸರಿಯೆ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಇದಕ್ಕೆ ಸಂಬಂಧಿಸಿದಂತೆ ಎಚ್. ಜಿ. ವೆಲ್ಸನ ನೆನಪಾಗುತ್ತದೆ. ನಡೆದಾಡುವ ಯುದ್ಧಯಂತ್ರವನ್ನು 1898ರ ತನ್ನ ಕಾದಂಬರಿಯಲ್ಲಿ ಮಂಗಳಗ್ರಹದವರ ಕೈಗೆ ಕೊಟ್ಟವನು ಅವನೇ; 1913ರಲ್ಲಿ ಆಟದ ಸೈನಿಕರ ಕದನಕ್ಕೆ ನಿಯಮಗಳನ್ನು ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದವನೂ ಅವನೇ. ದೊಡ್ಡ ಯುದ್ಧವು ಮನುಷ್ಯನ ಬುದ್ಧಿಯ ಅಳತೆಯನ್ನು ಮೀರಿ ಬೆಳೆದಿದೆ, ಆಡಲೇಬೇಕೆಂದರೆ ಅದನ್ನು ನೆಲದ ಮೇಲಿನ ಬೊಂಬೆಗಳಿಗೆ ಇಳಿಸುವುದು ಲೇಸು ಎಂಬುದು ಅವನ ವಾದವಾಗಿತ್ತು. ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಪುಸ್ತಕವೊಂದು ಅದನ್ನು ತಡೆಯಬಲ್ಲುದೆಂದು ಯಾರೂ ನಿರೀಕ್ಷಿಸಿರಲಾರರು. ಬೊಂಬೆಯಾಟ ಶಾಂತಿಯನ್ನು ಕಲಿಸುತ್ತದೆಂದು ನಾನೂ ಹೇಳೆನು. ಆದರೆ ಆಟದ ಕಥೆ ದೈತ್ಯಯಂತ್ರವನ್ನು ಅಜೇಯವೆಂದು ಹೊಗಳುವಾಗ, ಪಾದದಡಿಯ ಒತ್ತಡವನ್ನು ಲೆಕ್ಕ ಹಾಕಿದ ಹುಡುಗ ಅಥವಾ ಹುಡುಗಿ ಬರಿಯ ಗಾತ್ರಕ್ಕೆ ಬೆರಗಾಗುವುದಿಲ್ಲ. ಭಾರಿ ಆಯುಧಗಳನ್ನು ಮೆರವಣಿಗೆ ಮಾಡಿ ತೋರಿಸುವ ಈ ಕಾಲದಲ್ಲಿ ಆ ಅಭ್ಯಾಸಕ್ಕೆ ಬೆಲೆಯುಂಟು.

ಹಣದ ಮಾತನ್ನೂ ಆಡಿಬಿಡಬೇಕು. ವಾರ್‌ಲಾರ್ಡ್ ಟೈಟನ್ನಿನ ಬೆಲೆ ಸಾವಿರ ಪೌಂಡಿಗೂ ಮಿಗಿಲು. ಉಕ್ಕಿನ ಅಚ್ಚಿಗೆ ತುಂಬ ಖರ್ಚು ತಗಲುವುದರಿಂದ ಸಾವಿರಾರು ಪ್ರತಿ ಮಾರುವ ಬೊಂಬೆಗಳಿಗೆ ಮಾತ್ರ ಅದು ಕಟ್ಟುವುದು. ವಿರಳವಾದ ದೊಡ್ಡ ಬೊಂಬೆಗಳನ್ನು ರಬ್ಬರಿನಂತಹ ಸಿಲಿಕೋನ್ ಅಚ್ಚುಗಳಲ್ಲಿ ಹೊಯ್ಯುತ್ತಾರೆ. ಅಂತಹ ಅಚ್ಚು ಬೇಗ ಸವೆಯುತ್ತದೆ. ರಾಳದ ತುಂಡುಗಳು ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಮೆತ್ತಗಾಗಿಸಿ ತಿದ್ದಬಹುದು. ಉಜ್ಜುವಾಗ ಮಾತ್ರ ನೀರು ಹಚ್ಚಿ ಉಜ್ಜಬೇಕು, ಮುಖಕ್ಕೆ ಮುಸುಕು ಕಟ್ಟಬೇಕು. ಆ ದೂಳು ಶ್ವಾಸಕೋಶಕ್ಕೆ ಕೇಡು. ಇಷ್ಟೆಲ್ಲ ಹಣ ತೆತ್ತು ತಂದದ್ದನ್ನು ಪೆಟ್ಟಿಗೆಯಲ್ಲಿಯೇ ಬಿಡುವವರು ಸಂಗ್ರಹಕಾರರೆನಿಸಿಕೊಳ್ಳಬಹುದು; ಅವರ ಬಗೆಗೆ ನನಗೆ ಹೆಚ್ಚಿನ ಗೌರವವಿಲ್ಲ.

ವಿದ್ಯಾರ್ಥಿಗಳಿಗೆ ಆ ಬೆಲೆಯ ಬೊಂಬೆ ಬೇಕಾಗಿಯೂ ಇಲ್ಲ. ಈ ಆಟದ ಆರಂಭದ ವರ್ಷಗಳಲ್ಲಿ ಬೆವರುವಾಸನೆ ಕಳೆಯುವ ಲೇಪದ ಖಾಲಿ ಪ್ಲಾಸ್ಟಿಕ್ ಡಬ್ಬಿಯಿಂದ ಯುದ್ಧವಾಹನವನ್ನು ಕಟ್ಟುವ ಬಗೆಯನ್ನು ಆಟದ ಕರ್ತೃಗಳೇ ತೋರಿಸಿಕೊಟ್ಟಿದ್ದರು. ರಟ್ಟು, ಮಾತ್ರೆಯ ಡಬ್ಬಿ, ಹಳೆಯ ಗಡಿಯಾರದ ಚಕ್ರಗಳು ಸಾಕು. ಅರುವತ್ತಕ್ಕೆ ಒಂದು ಎಂಬ ಪ್ರಮಾಣವನ್ನು ಮೊದಲು ಗೊತ್ತುಮಾಡಿಕೊಂಡು, ಬಾಗಿಲು ಮೆಟ್ಟಿಲುಗಳನ್ನು 28 ಮಿಲಿಮೀಟರಿನ ಮನುಷ್ಯನಿಗೆ ಒಪ್ಪುವಂತೆ ಕತ್ತರಿಸಿಕೊಳ್ಳಿ. ಬಣ್ಣ ಹಚ್ಚುವ ಮುನ್ನ ಒಂದು ಡಬ್ಬಿಯ ಮುಚ್ಚಳದ ಮೇಲೆ ತೆಳುಬಣ್ಣದ ಹನಿಯೊಂದನ್ನು ಬಿಟ್ಟು, ಆರುವ ತನಕ ಮಸೂರದಿಂದ ನೋಡುತ್ತ ಕುಳಿತಿರಿ. ಕಣಗಳು ಅಂಚಿಗೆ ಸಾಗುವುದು ಕಾಣುತ್ತದೆ.