ಗಲಿಲಾಯದ ಬಡಗಿಗೆ ಬಿಳಿ ಬಣ್ಣ ಬಳಿದವರು

ಡಿಸೆಂಬರ್ ಬಂತೆಂದರೆ ತೆಲಂಗಾಣದ ನಮ್ಮ ಸೀಮೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲದ ರಸ್ತೆಗಳಲ್ಲಿ ಫ್ಲೆಕ್ಸ್ ಮೇಲೆ ಯೇಸಯ್ಯ ಕಾಣಿಸಿಕೊಳ್ಳುತ್ತಾನೆ. ಹೆಗಲಿಗಿಳಿದ ಕಂದುಗೂದಲು, ತಿಳಿನೀಲಿ ಕಣ್ಣು, ಹಾಲಿನಂಥ ಮೈ. ಕೆಳಗೆ ಕೈಮುಗಿದು ನಿಂತ ಪಾಸ್ಟರು ಮತ್ತು ಪುಢಾರಿಗಳು ಮಾತ್ರ ನಮ್ಮ ಬಣ್ಣದವರು. ಫ್ಲೆಕ್ಸ್ ಅಂಗಡಿಯವನು ಅವರನ್ನೂ ಒಂದು ಸುತ್ತು ಬೆಳ್ಳಗೆ ಮಾಡಿರುತ್ತಾನೆ, ಅದು ಬೇರೆ ಮಾತು.

ಈ ಪಟವನ್ನು ಭಕ್ತರೂ ನಂಬಿದ್ದಾರೆ, ವಿರೋಧಿಗಳೂ ನಂಬಿದ್ದಾರೆ. ಕನಕಪುರದ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಯ ವಿಷಯ ಎದ್ದಾಗ, 2020ರ ಜನವರಿಯಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆಯೇ ಹೊರಟಿತು. ಪ್ರತಿಮೆಗೆ ಗೋಮಾಳ ಮಂಜೂರಾದದ್ದು ಸರಿಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಜಮೀನಿನ ಜಗಳದೊಳಗೆ ಇಟಲಿಯ ಹೆಸರೂ ನುಸುಳಿತು. ಯೇಸುವಿಗೂ ಇಟಲಿಗೂ ಏನು ಸಂಬಂಧ? ಅವನನ್ನು ಶಿಲುಬೆಗೇರಿಸಿದ್ದು ರೋಮಿನ ಆಡಳಿತ; ಸಂಬಂಧವೆಂದರೆ ಅಷ್ಟೇ.

ನಜರೇತಿನ ಯೇಸು ಪಶ್ಚಿಮ ಏಷ್ಯಾದ ಯೆಹೂದಿ, ಬಿಸಿಲಲ್ಲಿ ಊರೂರು ನಡೆದವನು. ನಾಲ್ಕು ಸುವಾರ್ತೆಗಳಲ್ಲಿ ಅವನ ಮೈಬಣ್ಣದ ಬಗ್ಗೆ ಒಂದಕ್ಷರವಿಲ್ಲ. ಗಂಡಸು ಉದ್ದಗೂದಲು ಬಿಡುವುದು ಅವಮಾನವೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಹಾಗಿರುವಾಗ ಹೆಗಲುದ್ದದ ಕೂದಲನ್ನೂ ಅನುಮಾನಿಸಬೇಕಾಗುತ್ತದೆ. 2001ರಲ್ಲಿ ಬಿಬಿಸಿ ಕಾರ್ಯಕ್ರಮಕ್ಕಾಗಿ ವೈದ್ಯಕೀಯ ಕಲಾವಿದ ರಿಚರ್ಡ್ ನೀವ್ ಮೊದಲ ಶತಮಾನದ ಯೆಹೂದಿಯೊಬ್ಬನ ತಲೆಬುರುಡೆಯ ಆಧಾರದ ಮೇಲೆ ಮುಖವೊಂದನ್ನು ರೂಪಿಸಿದರು: ಅಗಲ ಮುಖ, ಗಿಡ್ಡ ಗುಂಗುರು ಕೂದಲು, ಕಂದು ಮೈ. ಅದು ಯೇಸುವಿನ ಮುಖವಲ್ಲ, ಅವನ ಕಾಲದ ಒಬ್ಬನದು. ಆದರೂ ಕ್ಯಾಲೆಂಡರಿನ ಯೇಸುವಿಗಿಂತ ಸತ್ಯಕ್ಕೆ ಹತ್ತಿರ. ಕ್ಯಾಲೆಂಡರಿನ ಮುಖವನ್ನು ಜಗತ್ತಿಗೆಲ್ಲ ಹಂಚಿದ್ದರಲ್ಲಿ ದೊಡ್ಡ ಪಾಲು ಷಿಕಾಗೋದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಚಿತ್ರದ್ದು. ಅದರ ಪ್ರತಿಗಳು 50 ಕೋಟಿ ದಾಟಿವೆ ಎನ್ನುತ್ತಾರೆ.

ಪಟದಲ್ಲೇನಿದೆ ಬಿಡಿ, ಭಕ್ತಿ ಮುಖ್ಯ ಎನ್ನುವವರು ಐಸೆನಾಖ್ ನೆನಪಿಡಲಿ. 1939ರಲ್ಲಿ ಜರ್ಮನಿಯ ಆ ಊರಿನಲ್ಲಿ ಪ್ರಾಟೆಸ್ಟೆಂಟ್ ಸಭೆಗಳೇ ಒಂದು ಸಂಸ್ಥೆ ತೆರೆದವು. ಕ್ರೈಸ್ತ ಧರ್ಮದಿಂದ ಯೆಹೂದಿ ಗುರುತನ್ನು ಅಳಿಸುವುದೇ ಅದರ ಕೆಲಸ. ಅದರ ಮುಂದಾಳು ವಾಲ್ಟರ್ ಗ್ರುಂಡ್‌ಮನ್, ಯೇಸು ಯೆಹೂದಿಯೇ ಅಲ್ಲ ಎಂದು ವಾದಿಸಿದ ಪಂಡಿತ. ಆ ಹೊತ್ತಿಗೆ ಯೇಸುವಿನ ಜನ ಕ್ಯಾಂಪುಗಳಲ್ಲಿದ್ದರು.

ನಮ್ಮ ಸೀಮೆಯಲ್ಲಿ ಈ ಬಣ್ಣದ ಭಾರ ಬೇರೆ ಥರದ್ದು. 1899ರಿಂದ ಹೈದರಾಬಾದ್ ಸಂಸ್ಥಾನದಲ್ಲಿ ಕೆಲಸ ಮಾಡಿದ ಅಮೆರಿಕದ ಮೆನ್ನೊನೈಟ್ ಬ್ರೆದರೆನ್ ಮಿಷನ್ ಗದ್ವಾಲದವರೆಗೂ ಬಂತು. ಸಭೆ ಸೇರಿದವರಲ್ಲಿ ಹೆಚ್ಚಿನವರು ಮಾಲ, ಮಾದಿಗರು. ಊರ ಹೊರಗಿದ್ದವರಿಗೆ ಅಕ್ಷರ, ಔಷಧಿ, ತಲೆಯೆತ್ತಿ ನಿಲ್ಲುವ ಜಾಗ ಸಿಕ್ಕಿತು. ಅದನ್ನು ಸಣ್ಣದು ಮಾಡುವವರ ಜೊತೆ ನಾನಿಲ್ಲ. ಆದರೆ ಕಪ್ಪೆಂದು ಹಳಿಸಿಕೊಂಡವರ ಮನೆಗೋಡೆಯ ಮೇಲೆ ಪವಿತ್ರತೆಗೆ ಬಿಳಿ ಮುಖವೇ ಬಂದು ಕೂತಿತು. ಮೂರ್ತಿಪೂಜೆ ಪಾಪವೆಂದು ಬೋಧಿಸುವ ಸಭೆಯವರೂ ಈ ಪಟದ ಮಾತೆತ್ತಿದರೆ ಮುನಿಯುತ್ತಾರೆ. ಕ್ರಿಸ್‌ಮಸ್ ನಾಟಕದಲ್ಲಿ ಬೆಳ್ಳಗಿನ ಹುಡುಗಿ ಮರಿಯಳು. ಕಪ್ಪು ಹುಡುಗ ಹೆರೋದನ ಸಿಪಾಯಿ, ಇಲ್ಲವೇ ಕುರಿ ಕಾಯುವವನು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ವೇಳಾಂಕಣಿಯ ಮಾತೆಗೆ ಸೀರೆ ಉಡಿಸಿದರು, ಮುಖದ ಬಣ್ಣ ಮುಟ್ಟಲಿಲ್ಲ.

ನಮ್ಮ ಬಣ್ಣದ ಯೇಸುವನ್ನು ಜನ ಒಪ್ಪುವುದಿಲ್ಲ ಎಂಬುದು ಸೋಮಾರಿಗಳ ನೆಪ. 1978ರ 'ಕರುಣಾಮಯುಡು' ತೆಲುಗು ಚಿತ್ರದಲ್ಲಿ ಯೇಸುವಾಗಿ ನಟಿಸಿದ್ದು ವಿಜಯಚಂದರ್, ಅಪ್ಪಟ ತೆಲುಗು ನಟ. ಹಳ್ಳಿಹಳ್ಳಿಯಲ್ಲಿ ಪರದೆ ಕಟ್ಟಿ ತೋರಿಸಿದರು. ಜನ ಅತ್ತರು, ಕೈಮುಗಿದರು. ಗೋವೆಯ ಆಂಜೆಲೊ ಡ ಫೊನ್ಸೆಕಾ, ಬೆಂಗಳೂರು ಬಳಿಯ ಸಿಲ್ವೆಪುರದ ಜ್ಯೋತಿ ಸಾಹಿ ದಶಕಗಳ ಕಾಲ ಈ ನೆಲದ ಕ್ರಿಸ್ತನನ್ನು ಬರೆದರು. ಚಿತ್ರಗಳಿವೆ, ನಮ್ಮ ಗೋಡೆಗಳಿಗೆ ಬಂದಿಲ್ಲ.

ಹಾಗೆಂದು ಯೇಸು ದ್ರಾವಿಡನೇ ಆಗಿದ್ದ, ಕಾಶ್ಮೀರದಲ್ಲಿ ಓಡಾಡಿದ್ದ ಎಂಬ ಕಥೆಗಳೂ ಬೇಡ. ಬಿಳಿ ಸುಳ್ಳಿಗೆ ಕಪ್ಪು ಸುಳ್ಳು ಉತ್ತರವಲ್ಲ. ಕಲಾವಿದ ತನ್ನ ಊರಿನ ಮುಖ ಬರೆಯಲಿ. ಇತಿಹಾಸ ಹೇಳುವಾಗ ಯೆಹೂದಿ ಎಂದೇ ಹೇಳೋಣ.

ಸಂಡೇ ಸ್ಕೂಲಿನ ಅಕ್ಕಂದಿರಿಗೆ, ಪಾಸ್ಟರಮ್ಮಂದಿರಿಗೆ ಒಂದೇ ಕೋರಿಕೆ: ಈ ಸಲ ಮರಿಯಳ ಪಾತ್ರವನ್ನು ನಿಮ್ಮ ಸಭೆಯ ಅತಿ ಕಪ್ಪು ಹುಡುಗಿಗೆ ಕೊಡಿ. ಪೌಡರ್ ಮಾತ್ರ ಹಚ್ಚಬೇಡಿ.