ಇಳಿಯುವುದಕ್ಕೂ ಮೆಟ್ಟಿಲು ಬೇಕು

ನಮ್ಮ ದಾಂಡೇಲಿ ಮನೆಯ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇರುತ್ತದೆ, ಗ್ಯಾಸ್ ಬುಕ್ ಮಾಡಿದ ದಿನ ಇರುತ್ತದೆ, ಒಂದೊಂದು ಸಲ ಯಾರಿಗೋ ಕೊಟ್ಟ ಕೈಗಡದ ಲೆಕ್ಕವೂ ಇರುತ್ತದೆ. ಹೋದ ವರ್ಷ ಪಂಚಮಿಯಿಂದ ದೀಪಾವಳಿಯವರೆಗೆ ಅದರಲ್ಲಿ ಇನ್ನೊಂದು ಲೆಕ್ಕ ಸೇರಿಕೊಂಡಿತ್ತು. ಐದನೇ ಇಯತ್ತೆಯಲ್ಲಿ ಓದುವ ಮಗ ಪ್ರತಿ ದಿನದ ಚೌಕದಲ್ಲಿ ಸೊನ್ನೆ ಬರೆಯುತ್ತಿದ್ದ. ದೊಡ್ಡ ಸೊನ್ನೆ ಎಂದರೆ 300 ಮಿಲಿಗ್ರಾಂ ಗುಳಿಗೆ, ಸಣ್ಣ ಸೊನ್ನೆ ಎಂದರೆ 100ರದು. ಅಜ್ಜಿ ನುಂಗಿ ನೀರು ಕುಡಿದ ಮೇಲೆ ಅದರ ಮೇಲೊಂದು ಗೀಟು. ಮನೆಗೆ ಬಂದವರು ಇದೇನು ಹೊಸ ಗಣಿತ ಎಂದು ಕೇಳುತ್ತಿದ್ದರು. ‘ಅಜ್ಜಿ ಮೆಟ್ಟಿಲು ಇಳೀಲಿಕ್ಕತ್ತಾಳ’ ಎನ್ನುತ್ತಿದ್ದ ಅವನು.

ಕತೆ ಅದಕ್ಕೂ ಒಂದು ವರ್ಷ ಹಿಂದಿನದು. ನಮ್ಮ ಅತ್ತೆ ಇರುವುದು ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮೈದುನನ ಜೊತೆ. ಆ ಮಳೆಗಾಲದಲ್ಲಿ ಅವರಿಗೆ ಬೆನ್ನಿನಿಂದ ಎದೆಯ ಕಡೆಗೆ, ಒಂದೇ ಬದಿಗೆ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಎದ್ದವು. ಸರ್ಪಸುತ್ತು. ಊರಿನವರು ಕೆಮ್ಮಣ್ಣು ಬಳಿದರು. ತಲೆ ಬಾಲ ಕೂಡಿದರೆ ಜೀವಕ್ಕೆ ಕುತ್ತು ಎಂದು ಹೆದರಿಸಿದರು. ಅತ್ತೆ ಯಾವಾಗಲೋ ಹೊಲದಲ್ಲಿ ಕಂಡ ಹಾವನ್ನು ನೆನೆಸಿಕೊಂಡು ನಾಗಪ್ಪನಿಗೆ ಹರಕೆ ಹೊತ್ತರು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ವಾರ ಕಳೆದಿತ್ತು.

ಸರ್ಪಸುತ್ತಿಗೂ ಹಾವಿಗೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬೇರಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ಹೋದ ದಾರಿಯೇ ಗುಳ್ಳೆಯ ಪಟ್ಟಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಗುಳಿಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಕೆಮ್ಮಣ್ಣು ಬಳಿಯುತ್ತ ನಾವು ಕಳೆದುಕೊಂಡದ್ದು ಆ ಮೂರು ದಿನಗಳನ್ನು. 50 ದಾಟಿದವರಿಗೆ ಈಗ ಇದಕ್ಕೆ ಲಸಿಕೆಯೂ ಇದೆ, ಬೆಲೆ ಮಾತ್ರ ದುಬಾರಿ.

ಗುಳ್ಳೆ ಮೂರು ವಾರಕ್ಕೆ ಒಣಗಿದವು. ನೋವು ಒಣಗಲಿಲ್ಲ. ಕುಬಸದ ಬಟ್ಟೆ ತಾಗಿದರೆ ಕೆಂಡ ಇಟ್ಟ ಹಾಗೆ, ಫ್ಯಾನಿನ ಗಾಳಿ ಬಡಿದರೆ ಸೂಜಿ ಚುಚ್ಚಿದ ಹಾಗೆ. ಪೆಟ್ಟಾದ ನರ ತಾನಾಗಿಯೇ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ, ಇಂಥ ನೋವಿಗೆ ಸಾಮಾನ್ಯ ನೋವಿನ ಗುಳಿಗೆ ಅಷ್ಟಾಗಿ ಹತ್ತುವುದಿಲ್ಲ ಎಂದ ಡಾಕ್ಟರು ಗ್ಯಾಬಾಪೆಂಟಿನ್ ಬರೆದುಕೊಟ್ಟರು. ಮೊದಲು ರಾತ್ರಿ ಒಂದು, ಆಮೇಲೆ ಎರಡು, ಕೊನೆಗೆ ದಿನಕ್ಕೆ ಮೂರು. ಒಟ್ಟು 900 ಮಿಲಿಗ್ರಾಂ. ತಿಂಗಳೊಪ್ಪತ್ತಿನಲ್ಲಿ ಅತ್ತೆ ರಾತ್ರಿ ನಿದ್ದೆ ಮಾಡತೊಡಗಿದರು. ಆ ಔಷಧಿಗೆ ನಾನು ಕೃತಜ್ಞಳು, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು. ನೋವು ಬಹುಪಾಲು ಹೋಗಿತ್ತು. ಗುಳಿಗೆಯ ಜೋಂಪು, ತಲೆ ಸುತ್ತು, ಕಾಲಿನ ಬಾವು ಉಳಿದವು. ಒಂದು ದಿನ ಬಚ್ಚಲಲ್ಲಿ ಜೋಲಿ ಹೊಡೆದು ಗೋಡೆ ಹಿಡಿದು ನಿಂತರು. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಏನು ಗತಿ ಎಂಬುದು ಗೊತ್ತಿರುವ ಮಾತು. ಅಷ್ಟರಲ್ಲಿ ಜುಲೈ ಮಳೆ ಹಿಡಿಯಿತು. ಸ್ಟ್ರಿಪ್ ಮುಗಿಯಿತು, ಹಳ್ಳಿಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಅತ್ತೆಯೂ ನಿರ್ಧಾರ ಮಾಡಿದ್ದರು. ‘ನೋವು ಹೋತಲ್ಲಾ, ಇನ್ಯಾಕ ಗುಳಿಗಿ? ನುಂಗಿದ್ರ ಬರೇ ಜೋಂಪು.’ ಯಾರಿಗೂ ಹೇಳದೆ ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟರು.

ಎರಡನೇ ರಾತ್ರಿ ಮೈದುನನ ಫೋನು. ‘ವೈನಿ, ಅವ್ವಗ ಏನೋ ಆಗೈತಿ. ಕಣ್ಣಿಗೆ ಕಣ್ಣು ಹಚ್ಚಿಲ್ಲ. ಮೈಯೆಲ್ಲಾ ಬೆವರು. ಎದಿ ಹೊಡಕೊಳ್ಳಾಕತ್ತೈತಿ ಅಂತಾಳ.’ ಹೊಟ್ಟೆ ತೊಳಸು, ಕೈ ನಡುಕ, ಕೂತಲ್ಲಿ ಕೂರಲಾಗದ ಚಡಪಡಿಕೆ. ಹಳೆಯ ಉರಿಯೂ ಮರಳಿತ್ತು. ನನ್ನವರು ಡೆಂಗಿ ಇರಬಹುದೆಂದರು. ನೆರೆಯವರು ಗಾಳಿ ಸೋಕಿದೆ ಎಂದರಂತೆ. ಬೆಳಿಗ್ಗೆ ನಾನು ಔಷಧಿ ಅಂಗಡಿಗೆ ಹೋಗಿ ಹೇಳಿಕೊಂಡಾಗ ಅಂಗಡಿಯವರು ಒಂದೇ ಪ್ರಶ್ನೆ ಕೇಳಿದರು: ‘ಯಾವುದಾದರೂ ಗುಳಿಗೆ ಬಿಟ್ಟಿದ್ದಾರೇನ್ರಿ?’

ಆ ದಿನವೇ ಅತ್ತೆಯನ್ನು ದಾಂಡೇಲಿಗೆ ಕರೆತಂದೆವು. ಡಾಕ್ಟರು ಬೈಯಲಿಲ್ಲ. ‘ಹತ್ತಿಸುವಾಗ ಒಂದೊಂದೇ ಮೆಟ್ಟಿಲು ಹತ್ತಿಸಿದ್ದೆವು. ನೀವು ಅಟ್ಟದಿಂದ ಜಿಗಿದುಬಿಟ್ಟಿರಿ’ ಎಂದರು. ಗುಳಿಗೆ ಮತ್ತೆ ಶುರುವಾಯಿತು, ಎರಡು ದಿನದಲ್ಲಿ ಅತ್ತೆ ಮೊದಲಿನಂತಾದರು. ಬಿಡುವ ಆಸೆ ತಪ್ಪಲ್ಲ, ಬಿಡುವ ರೀತಿ ಬೇರೆ ಎಂದು ತಿಳಿಸಿ ಹೇಳಿದರು.

ಈ ಔಷಧಿಯ ಹಿನ್ನೆಲೆ ಸ್ವಾರಸ್ಯದ್ದು. ನಮ್ಮ ಮೆದುಳಿನಲ್ಲಿ ಗ್ಯಾಬಾ ಎಂಬ ರಾಸಾಯನಿಕ ಇದೆ, ನರಗಳನ್ನು ಸಮಾಧಾನ ಮಾಡುವುದು ಅದರ ಕೆಲಸ. ಅದನ್ನು ಹೋಲುವಂತೆ ತಯಾರಿಸಿದ್ದರಿಂದ ಗ್ಯಾಬಾಪೆಂಟಿನ್ ಎಂಬ ಹೆಸರು. ಆದರೆ ಅದು ಕೆಲಸ ಮಾಡುವುದು ಬೇರೆ ಕಡೆ ಎಂದು ಆಮೇಲೆ ಗೊತ್ತಾಯಿತು. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಒಂದು ಭಾಗವನ್ನು ಅದು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆ ಬಂದರೆ ನೋವಿನ ಸುದ್ದಿಯೂ ಕಡಿಮೆ ಸಾಗುತ್ತದೆ. ಅಮೆರಿಕದಲ್ಲಿ 1993ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂರ್ಛೆರೋಗಕ್ಕೆ, ಸರ್ಪಸುತ್ತಿನ ನಂತರದ ನೋವಿಗೆ ಸಿಕ್ಕಿದ್ದು 2002ರಲ್ಲಿ. 2004ರಲ್ಲಿ ಅದರ ತಮ್ಮನಂಥ ಪ್ರಿಗ್ಯಾಬಲಿನ್ ಬಂತು. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ನಮ್ಮಲ್ಲಿ ಬಹಳ ಬರೆಯುವುದು ಇದನ್ನೇ.

ಒಮ್ಮೆಲೇ ಬಿಟ್ಟರೆ ಯಾಕೆ ತೊಂದರೆ? ಕಾಳಿ ದಂಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಮಳೆ ಜಾಸ್ತಿಯಾಗಿ ನೀರು ಬಿಡಬೇಕಾದಾಗ ಕೆಳಗಿನವರಿಗೆ ಮೊದಲೇ ಎಚ್ಚರಿಕೆ ಕೊಟ್ಟು, ಗೇಟನ್ನು ಇಷ್ಟಿಷ್ಟೇ ಎತ್ತುತ್ತಾರೆ. ತಿಂಗಳುಗಟ್ಟಲೆ ಔಷಧಿ ಹಿಡಿದಿಟ್ಟ ನರಗಳೂ ಹಾಗೆಯೇ. ಮೈ ಆ ಹಿಡಿತಕ್ಕೆ ಒಗ್ಗಿರುತ್ತದೆ. ಗ್ಯಾಬಾಪೆಂಟಿನ್ ಐದರಿಂದ ಏಳು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಎರಡು ದಿನದಲ್ಲಿ ಹೆಚ್ಚುಕಡಿಮೆ ಖಾಲಿ. ನಿದ್ದೆಗೇಡು, ಬೆವರು, ತಲೆನೋವು, ಗಾಬರಿ ಎಲ್ಲ ಆಗ ಒಟ್ಟಿಗೇ ನುಗ್ಗುತ್ತವೆ. ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಮೊದಲೇ ಮೂರ್ಛೆರೋಗ ಇದ್ದವರಿಗೆ ಈ ಅಪಾಯ ಹೆಚ್ಚು.

ಕನಿಷ್ಠ ಒಂದು ವಾರ ತೆಗೆದುಕೊಂಡು ಇಳಿಸಬೇಕು ಎಂದು ಔಷಧಿಯ ಮಾಹಿತಿ ಪತ್ರದಲ್ಲೇ ಇರುತ್ತದೆ. ಬಹಳ ದಿನ ನುಂಗಿದವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕಾಗುತ್ತದೆ. ಡಾಕ್ಟರು ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರು. ಈ ಔಷಧಿ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ದುರ್ಬಲವಾಗಿದ್ದರೆ ಪ್ರಮಾಣದ ಲೆಕ್ಕವೇ ಬದಲು. ಆಮೇಲೆ, ‘ಪಂಚಮಿ ಉಂಡಿ ತಿಂದು ಮುಗಿಸಿರಿ, ಹಬ್ಬದ ಗದ್ದಲದಲ್ಲಿ ಬೇಡ’ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು.

ಆ ಹಾಳೆ ಹೀಗಿತ್ತು. ಮೊದಲು ಮಧ್ಯಾಹ್ನದ ಗುಳಿಗೆ ಬಿಡುವುದು, ಎರಡು ವಾರ. ಬಳಿಕ ಬೆಳಗಿನ 300ರ ಬದಲು 100, ಮತ್ತೆ ಎರಡು ವಾರ. ಆಮೇಲೆ ಬೆಳಗಿನದು ಪೂರ್ತಿ ಬಂದ್, ರಾತ್ರಿಯದು ಮಾತ್ರ, ಎರಡು ವಾರ. ಅನಂತರ ರಾತ್ರಿಯದು 200, ಆಮೇಲೆ 100, ಕೊನೆಗೆ ಇಲ್ಲ. ನಿದ್ದೆ ಕೆಟ್ಟರೆ ಎಲ್ಲವೂ ಕೆಡುತ್ತದೆ ಎಂದು ರಾತ್ರಿಯದನ್ನು ಕೊನೆಗೆ ಉಳಿಸಿದ್ದರು. ಇದು ನಮ್ಮ ಅತ್ತೆಯ ವಯಸ್ಸು, ತೂಕ, ಮೂತ್ರಪಿಂಡ ನೋಡಿ ಬರೆದದ್ದು. ದಯವಿಟ್ಟು ನಿಮ್ಮ ಮನೆಯವರಿಗೆ ಇದನ್ನೇ ನಕಲು ಮಾಡಬೇಡಿ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಅಂದಾಜಿನಲ್ಲಿ ಅರ್ಧ ಮಾಡುವುದೂ ಬೇಡ, 100 ಮಿಲಿಗ್ರಾಮಿನವು ಸಿಗುತ್ತವೆ.

ಚೌತಿಗೆ ಮುಂಡಗೋಡದಿಂದ ಅತ್ತೆಯ ತಂಗಿ ಬಂದರು. ಅವರಿಗೆ ಸಕ್ಕರೆ ಕಾಯಿಲೆ, ಪಾದದ ಉರಿ. ಪ್ರಿಗ್ಯಾಬಲಿನ್ 75 ನುಂಗುತ್ತಾರೆ. ಅಕ್ಕನ ಹಾಳೆ ನೋಡಿ ಚೀಲದಿಂದ ತಮ್ಮ ಸ್ಟ್ರಿಪ್ ತೆಗೆದರು. ‘ಅಕ್ಕಾ, ನಿಂದು 300, ನಂದು ಬರೇ 75. ಎರಡೂ ನರದ ಗುಳಿಗೀನ. ಇದು ಹಗೂರ ಐತಿ, ಇದನ್ನ ತಗೋ.’ ನನಗೂ ಒಂದು ಗಳಿಗೆ ಸರಿ ಎನಿಸಿತು. ಫೋನು ಮಾಡಿ ಕೇಳಿದ್ದಕ್ಕೆ ಡಾಕ್ಟರು ಬೇಡವೇ ಬೇಡ ಎಂದರು. ಎರಡೂ ಬೇರೆ ಬೇರೆ ಔಷಧಿ. ಮಿಲಿಗ್ರಾಮಿಗೆ ಮಿಲಿಗ್ರಾಂ ತೂಗಿದರೆ ಪ್ರಿಗ್ಯಾಬಲಿನ್ ಹಲವು ಪಟ್ಟು ಜೋರು. ಚೌತಿಯ ಹೊತ್ತಿಗೆ ಅತ್ತೆ ಇಳಿದಿದ್ದ ಮೆಟ್ಟಿಲಿಗೆ ಆ 75 ಹಗುರವಾಗುತ್ತಿರಲಿಲ್ಲ, ಮತ್ತೆ ಮೇಲಕ್ಕೆ ಹತ್ತಿಸುತ್ತಿತ್ತು. ಎರಡನ್ನೂ ಸೇರಿಸಿ ನುಂಗಿದ್ದರೆ ಬಚ್ಚಲಲ್ಲಿ ಬೀಳುವುದು ಬಾಕಿ. ಕೆಲವು ಸ್ಟ್ರಿಪ್‌ಗಳಲ್ಲಿ ನಾರ್ಟ್ರಿಪ್ಟಿಲಿನ್ ಕೂಡ ಸೇರಿರುತ್ತದೆ. ಹೆಸರನ್ನು ಪೂರ್ತಿ ಓದಬೇಕು.

ತೊಡಕು ಬಂದದ್ದು 300ರಿಂದ 200ಕ್ಕೆ ಇಳಿದಾಗ. ಎರಡು ರಾತ್ರಿ ನಿದ್ದೆ ಇಲ್ಲ, ಪಕ್ಕೆಯಲ್ಲಿ ಉರಿ. ಮಹಾಲಯ ಅಮಾವಾಸ್ಯೆ ಎದುರಿಗಿತ್ತು. ‘ಅಮಾಸಿ ಕಾಟ’ ಎಂದರು ಅತ್ತೆ. ‘ಹಳೇ ಬ್ಯಾನಿ ತಿರುಗಿ ಬಂತು, ನನ್ನ ಹಣೇಬರಾನ ಇಷ್ಟು’ ಎಂದು ಕಣ್ಣೀರು ಹಾಕಿದರು. ನನಗೂ ಅಳುಕಾಯಿತು. ಇಂಥ ಹೊತ್ತಿನಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕೆಂದು ಡಾಕ್ಟರು ಹೇಳಿದರು. ಪ್ರಮಾಣ ಇಳಿಸಿದ ಒಂದೆರಡು ದಿನದಲ್ಲಿ ಶುರುವಾಗಿ, ಬೆವರು ಚಡಪಡಿಕೆಗಳನ್ನೂ ಜೊತೆಗೆ ತಂದು, ವಾರ ಹತ್ತು ದಿನಕ್ಕೆ ತಗ್ಗಿದರೆ ಅದು ಬಹುಮಟ್ಟಿಗೆ ಔಷಧಿ ಬಿಡುವಾಗಿನ ತಾಪತ್ರಯ. ಹಳೆಯ ಜಾಗದಲ್ಲೇ ನಿಂತು, ವಾರಗಳು ಕಳೆದರೂ ಇಳಿಯದಿದ್ದರೆ ಅದು ನಿಜವಾದ ನೋವು. ಆಗ ಮತ್ತೆ ಯೋಚಿಸಬೇಕು, ಅದರಲ್ಲಿ ಸೋಲೇನಿಲ್ಲ. ಅವಸರ ಬೇಡ, ಅದೇ ಮೆಟ್ಟಿಲ ಮೇಲೆ ನಿಲ್ಲಿ ಎಂದರು. ಎರಡು ವಾರದ ಬದಲು ಮೂರು ವಾರ ನಿಂತೆವು. ಆರನೇ ರಾತ್ರಿಗೆ ನಿದ್ದೆ ಬಂತು.

ಆ ರಾತ್ರಿಗಳಲ್ಲಿ ನಾನು ಮಾಡಹೊರಟಿದ್ದ ಎರಡು ತಪ್ಪುಗಳನ್ನೂ ಹೇಳಬೇಕು. ಹೊಟ್ಟೆ ತೊಳಸಿಗೆಂದು ಗುಳಿಗೆಯ ಜೊತೆಗೇ ಅಸಿಡಿಟಿಯ ಸಿರಪ್ಪು ಕೊಡಲು ಹೋದೆ. ಅಲ್ಯುಮಿನಿಯಂ, ಮೆಗ್ನೀಷಿಯಂ ಇರುವ ಅಂಥ ಔಷಧಿ ಗ್ಯಾಬಾಪೆಂಟಿನ್ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ, ನಡುವೆ ಎರಡು ಗಂಟೆ ಅಂತರ ಬೇಕು. ಇನ್ನೊಂದು, ಮನೆಯಲ್ಲಿ ಯಾರಿಗೋ ತಂದು ಉಳಿದಿದ್ದ ಟ್ರಮಡಾಲ್. ಈ ಜಾತಿಯ ನೋವಿನ ಗುಳಿಗೆಯ ಜೊತೆ ಸೇರಿದರೆ ಉಸಿರಾಟ ಮಂದವಾಗಬಹುದು, ವಯಸ್ಸಾದವರಿಗೂ ಶ್ವಾಸಕೋಶ ದುರ್ಬಲ ಇದ್ದವರಿಗೂ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ. ಫಿಟ್ಸ್, ಮಾತಿನಲ್ಲಿ ಗೊಂದಲ, ಉಸಿರಾಟದ ತೊಂದರೆ, ಬದುಕು ಬೇಡ ಎಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹಳಿಯಾಳ, ಮುಂಡಗೋಡದವರಿಗೆ ನರರೋಗ ತಜ್ಞರನ್ನು ಕಾಣಲು ಹುಬ್ಬಳ್ಳಿ, ಧಾರವಾಡವೇ ಗತಿ. ಜೊಯಿಡಾದ ಕಾಡೊಳಗಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಒಂದು ಮರ ಬಿದ್ದರೆ ರಸ್ತೆ, ಕರೆಂಟು, ನೆಟ್‌ವರ್ಕು ಮೂರೂ ಒಟ್ಟಿಗೇ ಹೋಗುತ್ತವೆ. ಮಳೆಗೆ ಮುಂಚೆ ಕಟ್ಟಿಗೆ ಒಟ್ಟಿಕೊಳ್ಳುತ್ತೇವೆ, ಹಪ್ಪಳ ಸಂಡಿಗೆ ಮಾಡಿಡುತ್ತೇವೆ. ಹಾಗೆಯೇ ಮೇ ತಿಂಗಳಲ್ಲೇ ಡಾಕ್ಟರಿಗೆ ಹೇಳಿ ಮನೆಯ ಹಿರಿಯರ ಗುಳಿಗೆ ಎಣಿಸಿಟ್ಟುಕೊಳ್ಳಬೇಕು. ಫೋನಿನಲ್ಲೇ ಸರ್ಕಾರಿ ವೈದ್ಯರ ಸಲಹೆ ಸಿಗುವ ಇ-ಸಂಜೀವಿನಿಯೂ ಇದೆ, ಖರ್ಚಿಲ್ಲ. ಔಷಧಿ ಬರೆಸಿಕೊಳ್ಳುವಾಗಲೇ ‘ಇದು ಎಷ್ಟು ದಿನ? ಬಿಡುವುದು ಹೇಗೆ?’ ಎಂದು ಕೇಳಿಬಿಡಿ. ನಾವು ಕೇಳಿರಲಿಲ್ಲ.

ಮಕ್ಕಳೇ, ಇದರಲ್ಲಿ ನಿಮಗೂ ಕೆಲಸ ಇದೆ. ಅಜ್ಜ ಅಜ್ಜಿಯ ಸ್ಟ್ರಿಪ್ಪಿನ ಮೇಲಿನ ಅಕ್ಷರ ಅವರ ಕಣ್ಣಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಹೆಸರು, ಅಂಕಿ, ಇನ್ನೆಷ್ಟು ಉಳಿದಿವೆ ಎಂಬುದನ್ನು ವಾರಕ್ಕೊಮ್ಮೆ ಓದಿ ಹೇಳಿ. ಗುಳಿಗೆಯನ್ನು ಕೊಡುವ ಕೆಲಸ ಮಾತ್ರ ದೊಡ್ಡವರಿಗೇ ಇರಲಿ.

ದೀಪಾವಳಿಯ ಹೊತ್ತಿಗೆ ಕ್ಯಾಲೆಂಡರಿನ ಚೌಕ ಖಾಲಿಯಾಯಿತು. ಚಳಿಯ ಬೆಳಗಿನಲ್ಲಿ ಅತ್ತೆಗೆ ಪಕ್ಕೆಯಲ್ಲಿ ಇನ್ನೂ ಒಂದಿಷ್ಟು ಚುರುಚುರು ಇದೆ, ತಾಳಿಕೊಳ್ಳುವಷ್ಟು. ಕಾಲಿನ ಬಾವು ಇಳಿದಿದೆ. ಭತ್ತದ ಕೊಯ್ಲಿಗೆಂದು ಊರಿಗೆ ಹೊರಟವರು ಮೊಮ್ಮಗನನ್ನು ಕರೆದು ಕೇಳಿದರು: ‘ಒಟ್ಟ ಎಷ್ಟ ಸೊನ್ನಿ ಬರದಿ?’ ಅವನು ಎಣಿಸತೊಡಗಿದ. ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ಚೀಲ ಹೆಗಲಿಗೆ ಹಾಕಿಕೊಂಡು, ಮನೆ ಮುಂದಿನ ಮೂರು ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದರು.